ಏಳನೆಯ ನಂಬರಿನ ರಾಗಿ

ಆರಿದ್ರಾ ಮಳೆ ಹುಟ್ಟುವುದಕ್ಕೆ ಎರಡು ದಿನ ಮುಂಚೆ ನಮ್ಮೂರಿನ ಹಾಲಿನ ಡೈರಿಯ ಕಟ್ಟಡದಲ್ಲಿ ಒಂದು ಸಭೆ ಸೇರಿತ್ತು. ಊರು ಕುಣಿಗಲ್ ತಾಲ್ಲೂಕಿನದು. ನೀರಿದ್ದವರಿಗೆ ತೆಂಗು, ಇಲ್ಲದವರಿಗೆ ಕೆಂಪು ಮಣ್ಣಿನ ಹೊಲ ಮತ್ತು ಮಳೆ ನಂಬಿದ ರಾಗಿ. ಸಭೆ ಕರೆದವರು ರಾಗಿ ತಳಿಗಳ ಮೇಲೆ ಕೆಲಸ ಮಾಡುವ ಸಂಶೋಧನಾ ಸಂಸ್ಥೆಯೊಂದರವರು. ಬಂದಿದ್ದವರು ಇಬ್ಬರು: ಒಬ್ಬರು ಹಿರಿಯ ವಿಜ್ಞಾನಿ, ಇನ್ನೊಬ್ಬರು ಆಗತಾನೇ ಓದು ಮುಗಿಸಿ ಯೋಜನೆಗೆ ಸೇರಿಕೊಂಡಿದ್ದ ಹುಡುಗಿ. ಇನ್ನೂ ಬಿಡುಗಡೆಯಾಗದ ಕೆಲವು ರಾಗಿ ತಳಿಗಳನ್ನು ನಾವು ನಮ್ಮ ಹೊಲದಲ್ಲಿ ಬಿತ್ತಬೇಕು, ನಮ್ಮ ಪದ್ಧತಿಯಂತೆಯೇ ಬೆಳೆಯಬೇಕು, ಯಾವುದು ಬೇಕು ಯಾವುದು ಬೇಡ ಎಂಬುದನ್ನೂ ನಾವೇ ಹೇಳಬೇಕು ಎಂದು ಅವರು ವಿವರಿಸಿದರು.

ನಮಗೆ ನಂಬಿಕೆ ಬರಲಿಲ್ಲ. ಅಲ್ಲಿಯವರೆಗೆ ನಾವು ಕಂಡಿದ್ದದ್ದು ಪ್ರಾತ್ಯಕ್ಷಿಕೆಗಳನ್ನು ಮಾತ್ರ. ಬೀಜವೂ ಗೊಬ್ಬರವೂ ಪುಕ್ಕಟೆಯಾಗಿ ಬರುತ್ತಿದ್ದವು, ರಸ್ತೆ ಬದಿಯ ಹೊಲವನ್ನೇ ಆರಿಸಿಕೊಂಡು ಬೋರ್ಡು ನೆಡುತ್ತಿದ್ದರು, ಕೊಯ್ಲಿಗೆ ಮುಂಚೆ ಶಾಮಿಯಾನ ಹಾಕಿ ಕ್ಷೇತ್ರೋತ್ಸವ ನಡೆಸಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಅಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತಿತ್ತು. ನಾವು ಅದಕ್ಕೆ ಹೊಲ ಕೊಟ್ಟವರಷ್ಟೇ. ಹಾಗಾಗಿ ಈ ಸಲ "ನಿಮಗೆ ಎಂಥ ರಾಗಿ ಬೇಕು?" ಎಂದು ಹುಡುಗಿ ಕೇಳಿದಾಗ ಸಾಹೇಬರಿಗೆ ಇಷ್ಟವಾಗುವ ಉತ್ತರವನ್ನೇ ಕೊಟ್ಟೆವು: ಇಳುವರಿ ಜಾಸ್ತಿ ಬರಬೇಕು, ಎಲೆ ತೆನೆ ಸುಟ್ಟಂತಾಗುವ ಬೆಂಕಿ ರೋಗ ಬರಬಾರದು. ಆಕೆ ಅವೆರಡನ್ನೂ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಹೆಂಗಸರನ್ನು ಅಂದು ಯಾರೂ ಏನೂ ಕೇಳಲಿಲ್ಲ. ನಾನೂ ಅದನ್ನು ಗಮನಿಸಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ರಾಗಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ವಿಜ್ಞಾನಿಗಳ ಋಣ ಸಣ್ಣದೇನಲ್ಲ. ನಮ್ಮ ತಂದೆಯವರ ಕಾಲದಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತಂದ ಇಂಡಾಫ್ ತಳಿಗಳು ಮನೆ ಮನೆಯ ಕಣಜ ತುಂಬಿದ್ದವು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಕೂಡಿ ಆದ ಹೆಸರು ಅದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಅದರ ಗಂಡುಭಾಗವನ್ನು ಕಿತ್ತು ಬೇರೆ ತೆನೆಯ ಪರಾಗ ಹಾಕುವುದು ಭತ್ತ ಗೋಧಿಗಳಲ್ಲಿ ಮಾಡುವುದಕ್ಕಿಂತ ಎಷ್ಟೋ ಕಷ್ಟ. ಹೂಬಿಡುವ ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ, ಹುಟ್ಟಿದ ಸಾವಿರಾರು ಸಸಿಗಳಲ್ಲಿ ಬಣ್ಣದ ಗುರುತು ಹಿಡಿದು ನಿಜವಾದ ಸಂಕರವನ್ನು ಹುಡುಕುವ ತಾಳ್ಮೆಯ ಕೆಲಸ ಅದು. ಆಮೇಲೆ 1990ರ ದಶಕದಲ್ಲಿ ಬಂದ ಜಿಪಿಯು-28 ಎಂಬ ತಳಿ ಬೆಂಕಿ ರೋಗವನ್ನು ತಡೆದುಕೊಂಡಿತು, ಮತ್ತು ಇಂದಿಗೂ ನಮ್ಮ ಸುತ್ತಿನ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಊರಿನಲ್ಲಿ ಅದನ್ನು ಬರಿಯ 'ಇಪ್ಪತ್ತೆಂಟು' ಎನ್ನುತ್ತಾರೆ. ನಮ್ಮ ಪರೀಕ್ಷೆಯಲ್ಲಿ ಹೊಸ ತಳಿಗಳನ್ನೆಲ್ಲ ಹೋಲಿಸಿ ನೋಡಬೇಕಾಗಿದ್ದದ್ದು ಈ ಇಪ್ಪತ್ತೆಂಟರ ಜೊತೆಗೆ.

ಪರೀಕ್ಷೆಯ ರಚನೆಗೆ ಅವರು ಕೊಟ್ಟ ಹೆಸರು 'ತಾಯಿ ತಾಕು, ಮಗು ತಾಕು'. ತಾಕು ಎಂದರೆ ಹೊಲದಲ್ಲಿ ಗುರುತು ಮಾಡಿದ ತುಂಡು. ಈ ಕ್ರಮವನ್ನು 1990ರ ದಶಕದಲ್ಲಿ ಆಫ್ರಿಕದ ಮಲಾವಿಯಲ್ಲಿ ಸೀಗ್ಲಿಂಡ್ ಸ್ನಾಪ್ ಎಂಬ ವಿಜ್ಞಾನಿ ಮಣ್ಣಿನ ಫಲವತ್ತತೆಯ ಪ್ರಯೋಗಗಳಿಗಾಗಿ ರೂಪಿಸಿದರಂತೆ. ಊರಿನ ನಡುವಿನ ಒಬ್ಬರ ಹೊಲದಲ್ಲಿ ಪರೀಕ್ಷೆಯ ಎಂಟೂ ತಳಿಗಳನ್ನು ಮೂರು ಮೂರು ಸಲ, ಒಟ್ಟು 24 ತಾಕುಗಳಲ್ಲಿ ಬಿತ್ತಲಾಗುತ್ತದೆ; ಇದು ತಾಯಿ. ಸುತ್ತಲಿನ ಹನ್ನೆರಡು ಮನೆಗಳಿಗೆ ತಲಾ ಒಂದೇ ಹೊಸ ತಳಿಯನ್ನು ಕೊಟ್ಟು, ಅವರವರ ಹೊಲದಲ್ಲಿ ಅವರವರ ಹಳೆಯ ತಳಿಯ ಪಕ್ಕದಲ್ಲೇ ಬಿತ್ತಿಸಲಾಗುತ್ತದೆ, ಇವು ಮಕ್ಕಳು. ತಾಯಿ ತಾಕಿನಲ್ಲಿ ಅಳತೆ, ಲೆಕ್ಕ, ಕ್ರಮ ಎಲ್ಲವೂ ವಿಜ್ಞಾನಿಗಳದು. ಮಗು ತಾಕಿನಲ್ಲಿ ಗೊಬ್ಬರ, ಕಳೆ, ಎಡೆಕುಂಟೆ, ಸೋಮಾರಿತನ ಎಲ್ಲವೂ ರೈತನದು. ಯಾವ ತಳಿಗೂ ಹೆಸರಿರಲಿಲ್ಲ, ನಂಬರು ಮಾತ್ರ. ತಾಯಿ ತಾಕಿನಲ್ಲಿ ನಂಬರುಗಳನ್ನು ಸಾಲಾಗಿ ಹಾಕದೆ ಚೀಟಿ ಎತ್ತಿ ಅಡ್ಡಾದಿಡ್ಡಿ ಹಾಕಿದ್ದನ್ನು ಕಂಡು ನಮ್ಮೂರಿನವರು ನಕ್ಕರು. ಆದರೆ ಆ ಹೊಲದ ಬಡಗಣ ಅಂಚಿನಲ್ಲಿ ಮಣ್ಣು ತೆಳುವೆಂದು ಬಲ್ಲವರು ಅವರೇ ಆದ್ದರಿಂದ, ಒಂದೇ ತಳಿ ಮೂರು ಜಾಗದಲ್ಲಿ ಏಕೆ ಇರಬೇಕೆಂಬುದನ್ನು ಅವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಬೀಜ ಕೊಡುವ ಮೊದಲು ಒಪ್ಪಿಗೆ ಪತ್ರವೊಂದಕ್ಕೆ ಸಹಿ ಹಾಕಬೇಕಿತ್ತು. ಅದು ಇಂಗ್ಲಿಷಿನಲ್ಲಿತ್ತು. ಹುಡುಗಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದರು, ಆಗ ನಮ್ಮೂರಿನ ಹಿರಿಯರೊಬ್ಬರು, "ನಾವು ಆರಿಸಿದ ರಾಗಿಗೆ ನಾಳೆ ಯಾರೋ ಹೆಸರಿಟ್ಟು ನಮಗೇ ಮಾರಿದರೆ ಏನು ಮಾಡೋದವ್ವ?" ಎಂದು ಕೇಳಿದರು. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಅದೇ ಅತಿ ಮುಖ್ಯವಾದದ್ದೆಂದು ನನಗೆ ಈಗಲೂ ಅನ್ನಿಸುತ್ತದೆ. ಹಿರಿಯ ವಿಜ್ಞಾನಿಯವರು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಮಾತೆತ್ತಿದರು. ಅದರ 39ನೆಯ ಕಲಮಿನಂತೆ ರೈತನು ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಬ್ರ್ಯಾಂಡಿನ ಹೆಸರಿನ ಚೀಲದಲ್ಲಿ ಹಾಕಿ ಮಾರುವಂತಿಲ್ಲ ಅಷ್ಟೇ. ರೈತನೇ ಆರಿಸಿ ಬೆಳೆಸಿದ ತಳಿಯನ್ನು ರೈತನ ಹೆಸರಿನಲ್ಲೇ ನೋಂದಾಯಿಸಲೂಬಹುದು. ಹಿರಿಯರು ತಲೆಯಾಡಿಸಿದರು. ಒಪ್ಪಿದರೋ ಬಿಟ್ಟರೋ ಗೊತ್ತಾಗಲಿಲ್ಲ, ಹೆಬ್ಬೆಟ್ಟು ಒತ್ತಿದರು. ಅವರ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ಎಂಬ ಸಣ್ಣ ರೈತರು ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಆರಿಸಿ ಬೆಳೆಸಿದ ಭತ್ತಕ್ಕೆ ಎಚ್‌ಎಂಟಿ ಎಂಬ ಹೆಸರು ಬಂದದ್ದು ಆಗ ಎಲ್ಲರ ಕೈಯಲ್ಲಿದ್ದ ಗಡಿಯಾರದಿಂದ. ನಮ್ಮ ಬೆಂಗಳೂರಿನಲ್ಲಿ ತಯಾರಾದ ಗಡಿಯಾರದ ಹೆಸರು ಆ ಭತ್ತಕ್ಕೆ ಅಂಟಿ ದೇಶವೆಲ್ಲ ತಿರುಗಿತು. ಅದನ್ನು ಆರಿಸಿದ ಕೈಯ ಹೆಸರು ಅಷ್ಟು ದೂರ ತಿರುಗಲಿಲ್ಲ.

ನನ್ನ ಪಾಲಿಗೆ ಐದನೆಯ ನಂಬರು ಬಂತು, ಅರ್ಧ ಕಿಲೋದ ಕಾಗದದ ಪೊಟ್ಟಣದಲ್ಲಿ. ಐದು ಗುಂಟೆಗೆ ಅದು, ಪಕ್ಕದ ಐದು ಗುಂಟೆಗೆ ಮನೆಯ ಇಪ್ಪತ್ತೆಂಟು. ಪುಷ್ಯ ಮಳೆ ಎರಡು ದಿನ ಹದವಾಗಿ ಬಿದ್ದ ಮೇಲೆ ಕೂರಿಗೆ ಹೂಡಿದೆವು. ಮೊದಲ ತಕರಾರು ಅಂದೇ ಹುಟ್ಟಿತು. ನಮ್ಮಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವವರು ಕಡಿಮೆ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಅವರೆಯೋ ತೊಗರಿಯೋ ಇರಲೇಬೇಕು. ಹುಡುಗಿ ತಂದಿದ್ದ ನಕ್ಷೆಯಲ್ಲಿ ಅಕ್ಕಡಿ ಇರಲಿಲ್ಲ. ಅವರೆ ಬಂದರೆ ರಾಗಿಯ ಇಳುವರಿಯ ಲೆಕ್ಕ ಕೆಡುತ್ತದೆ ಎಂದು ಆಕೆ ಹೇಳಿದರು. "ಅವರೆ ಇಲ್ಲದಿದ್ದರೆ ಸಂಕ್ರಾಂತಿಗೆ ಸಾರಿಗೆ ಏನು ಹಾಕ್ಲಿ? ಲೆಕ್ಕವನ್ನೇ?" ಎಂದು ನನ್ನ ಹೆಂಡತಿ ಕೇಳಿದಳು. 'ನಿಮ್ಮ ಪದ್ಧತಿಯಂತೆಯೇ ಬೆಳೆಯಿರಿ' ಎಂದು ಸಭೆಯಲ್ಲಿ ಹೇಳಿದ್ದನ್ನು ನಾನು ಹುಡುಗಿಗೆ ನೆನಪಿಸಿದೆ. ಕೊನೆಗೆ ತಾಯಿ ತಾಕಿನಲ್ಲಿ ಅಕ್ಕಡಿ ಬೇಡ, ಮಗು ತಾಕುಗಳಲ್ಲಿ ರೈತರ ಇಷ್ಟ ಎಂದು ತೀರ್ಮಾನವಾಯಿತು. ಆದರೆ ನಮಗೆ ಕೊಟ್ಟ ಹಾಳೆಯಲ್ಲಿ ಅವರೆಯ ಬಗ್ಗೆ ಬರೆಯಲು ಒಂದು ಕಲಂ ಕೂಡ ಇರಲಿಲ್ಲ.

ಬಿತ್ತನೆಯಾದ ಮೂರನೆಯ ವಾರದಲ್ಲಿ ನಾನು ಮಾಡಿದ ಕೆಲಸವನ್ನು ಬರೆಯದಿದ್ದರೆ ಈ ಕಥನಕ್ಕೆ ಅರ್ಥವಿಲ್ಲ. ಐದನೆಯ ನಂಬರು ಇಪ್ಪತ್ತೆಂಟಕ್ಕಿಂತ ಸ್ವಲ್ಪ ನಿಧಾನವಾಗಿ ಎದ್ದಿತ್ತು. ಹಾದಿಯಲ್ಲಿ ಹೋಗುವವರು ನಿಂತು ನೋಡಿ, "ಏನು, ಸಾಹೇಬರ ರಾಗಿ ಇನ್ನೂ ಮಲಗಿದೆಯಲ್ಲ?" ಎನ್ನುತ್ತಿದ್ದರು. ನನ್ನ ಹೊಲದಲ್ಲಿ ಅದು ಸೋತರೆ ನಾನೇ ಸೋತಂತೆ ಎಂಬ ಭಾವನೆ ಅದು ಹೇಗೋ ಒಳಹೊಕ್ಕಿತು. ಒಂದು ಸಂಜೆ ಕುರಿ ಹಟ್ಟಿಯಿಂದ ಆರು ಮಂಕರಿ ಗೊಬ್ಬರ ತಂದು ಆ ಐದು ಗುಂಟೆಗೆ ಮಾತ್ರ ಎರಚಿ ಎಡೆಕುಂಟೆ ಹೊಡೆದೆ. ಪಕ್ಕದ ತಾಕಿಗೆ ಒಂದು ಹಿಡಿಯೂ ಬೀಳದಂತೆ ಎಚ್ಚರ ವಹಿಸಿದೆ. ಮಖೆ ಮಳೆ ಕೈಕೊಟ್ಟು ಇಪ್ಪತ್ತು ದಿನ ಒಣಗು ಬಿದ್ದಾಗಲೂ ನನ್ನ ಕಣ್ಣು ಇದ್ದದ್ದು ಆ ತಾಕಿನ ಮೇಲೆಯೇ. ಉತ್ತರೆ ಬಂದು ನೆಲ ನೆನೆದ ಮೇಲೆ ಐದನೆಯ ನಂಬರು ಎದ್ದ ಪರಿ ನೋಡಬೇಕಿತ್ತು. ದಪ್ಪ ದಂಟು, ತುಂಬಾ ಕವಲು, ಮುಷ್ಟಿ ಕಟ್ಟಿದಂಥ ತೆನೆ. ಹಾದಿಯವರು ಈಗ ಬೇರೆ ಮಾತಾಡತೊಡಗಿದರು.

ಚಿತ್ತೆ ಮಳೆ ಕಳೆಯುತ್ತಿದ್ದಂತೆ ತಾಯಿ ತಾಕಿನಲ್ಲಿ ಆಯ್ಕೆಯ ದಿನ ಗೊತ್ತಾಯಿತು. ಎಂಟೂ ತಳಿಗಳ ಮುಂದೆ ಒಂದೊಂದು ಖಾಲಿ ಡಬ್ಬ ಇಟ್ಟಿದ್ದರು. ಗಂಡಸರ ಕೈಗೆ ಹೊಂಗೆ ಬೀಜ, ಹೆಂಗಸರ ಕೈಗೆ ಹುಣಸೆ ಬೀಜ, ತಲಾ ಹತ್ತು. ಮೆಚ್ಚಿದ ತಳಿಗೆ ಮೆಚ್ಚಿದಷ್ಟು ಬೀಜ ಹಾಕಬಹುದು; ಇಷ್ಟವಿಲ್ಲದ್ದಕ್ಕೆ ಹಾಕದಿರಬಹುದು. ಒಬ್ಬರು ಹಾಕುವುದನ್ನು ಇನ್ನೊಬ್ಬರು ನೋಡದಂತೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಹೆಂಗಸರನ್ನೂ ಕರೆಯಬೇಕೆಂದು ಹಟ ಹಿಡಿದವರು ಆ ಹುಡುಗಿಯೇ ಎಂದು ಆಮೇಲೆ ತಿಳಿಯಿತು. ನಾವು ಗಂಡಸರು ಹತ್ತು ನಿಮಿಷದಲ್ಲಿ ಮುಗಿಸಿ ಹೊಂಗೆ ಮರದ ನೆರಳಿಗೆ ಬಂದೆವು. ಹೆಂಗಸರಿಗೆ ಒಂದೂವರೆ ಗಂಟೆ ಬೇಕಾಯಿತು.

ನನ್ನ ಚಿಕ್ಕಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಅವರು ತಾಕಿನ ಒಳಗೇ ಇಳಿದು, ಒಂದು ತೆನೆಯನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿ, ಊದಿ, ಉಳಿದ ಕಾಳನ್ನು ಹೆಬ್ಬೆರಳಿನಿಂದ ಸರಿಸಿ ನೋಡುತ್ತಿದ್ದರು. ಹೊಟ್ಟು ಬಿಡದೆ ಕಾಳಿಗೆ ಅಂಟಿಕೊಂಡಿದ್ದರೆ ಮುಖ ಕಿವುಚುತ್ತಿದ್ದರು. ಆಮೇಲೆ ಬುಡಕ್ಕೆ ಬಗ್ಗಿ ದಂಟನ್ನು ಉಗುರಿನಿಂದ ಸೀಳುತ್ತಿದ್ದರು. ಐದನೆಯ ನಂಬರಿನ ಮುಂದೆ ಬಂದಾಗ ಹುಡುಗಿ ತಾವಾಗಿಯೇ, "ಅಜ್ಜಿ, ಇದರಲ್ಲಿ ಕಾಳು ಬಹಳ ಇದೆಯಲ್ವಾ?" ಎಂದರು. ಚಿಕ್ಕಮ್ಮ ತೆನೆಯನ್ನು ಮುಷ್ಟಿಯಂತೆ ತೋರಿಸಿ, "ಇದು ಮುಷ್ಟಿ ಕಣವ್ವ. ಸ್ವಾತಿ ಮಳೆ ಹಿಡಕೊಂಡರೆ ನೀರೆಲ್ಲ ಒಳಗೇ ನಿಲ್ತದೆ. ನೀನು ಬಿಸಿಲು ದಿನ ಬಂದಿದ್ದೀಯ" ಎಂದು ಹೇಳಿ ಒಂದೂ ಬೀಜ ಹಾಕದೆ ಮುಂದೆ ಹೋದರು. ಏಳನೆಯ ನಂಬರಿನ ಡಬ್ಬಕ್ಕೆ ಆರು ಬೀಜ ಹಾಕಿದರು. ಅದು ಗಂಡಸರಾರೂ ಕಣ್ಣೆತ್ತಿ ನೋಡದಿದ್ದ ತಳಿ. ಸಣ್ಣ ದಂಟು, ಬಿಚ್ಚಿಕೊಂಡ ತೆನೆ, ಎತ್ತರವೂ ಸಾಧಾರಣ.

ಡಬ್ಬಗಳನ್ನು ಬಗ್ಗಿಸಿ ಎಣಿಸಿದಾಗ ಹೊಂಗೆ ಬೀಜಗಳು ಐದಕ್ಕೂ, ಹುಣಸೆ ಬೀಜಗಳು ಏಳಕ್ಕೂ ಹೆಚ್ಚಾಗಿ ಬಿದ್ದಿದ್ದವು. ಕಾರಣ ಕೇಳಿದಾಗ ಹೆಂಗಸರು ಹೇಳಿದ್ದೆಲ್ಲ ನಮ್ಮ ಮನೆಯ ಮಾತುಗಳೇ. ಅವುಗಳನ್ನು ಹಾಗೆ ಒಂದೆಡೆ ಕೂಡಿಸಿ ನಾನು ಕೇಳಿದ್ದು ಅಂದೇ ಮೊದಲು. ದಂಟು ದಪ್ಪವಾದರೆ ಹಸು ಎಲೆ ತಿಂದು ಬುಡವನ್ನು ಕೊಟ್ಟಿಗೆಯಲ್ಲೇ ತುಳಿದು ಬಿಡುತ್ತದೆ, ಅದನ್ನು ಬಾಚಿ ತಿಪ್ಪೆಗೆ ಹಾಕುವವರು ಹೆಂಗಸರು. ಕವಲು ಹೆಚ್ಚು ಒಡೆದು ಹೊಲ ಮುಚ್ಚಿಕೊಂಡರೆ ಅಕ್ಕಡಿ ಸಾಲಿನ ಅವರೆ ಬಿಸಿಲು ಕಾಣದೆ ಸೊರಗುತ್ತದೆ. ಎಲ್ಲ ತೆನೆಯೂ ಒಂದೇ ಎತ್ತರಕ್ಕೆ ಬರದಿದ್ದರೆ ಕೊಯ್ಯುವಾಗ ಸೊಂಟ ಹೋಗುತ್ತದೆ. ಅತ್ತಿಗೆಯೊಬ್ಬರು ಹುಡುಗಿಯ ಹಾಳೆಯನ್ನು ಇಣುಕಿ ನೋಡಿ, "ಇದರಲ್ಲಿ ಹುಲ್ಲಿಗೆ ಎಲ್ಲಿ ಜಾಗ?" ಎಂದು ಕೇಳಿದರು. ಹುಲ್ಲನ್ನು ತೂಗುವ ಕಲಂ ಇತ್ತು. ಹುಲ್ಲನ್ನು ಹಸು ತಿಂದಿತೋ ಇಲ್ಲವೋ ಎಂದು ಕೇಳುವ ಕಲಂ ಇರಲಿಲ್ಲ. ಆಕೆ ಹಾಳೆಯ ಹಿಂಬದಿಗೆ ತಿರುಗಿಸಿ ಪೆನ್ನಿನಿಂದ ಗೆರೆ ಎಳೆದುಕೊಂಡು ಬರೆಯತೊಡಗಿದರು.

ರುವಾಂಡದಲ್ಲಿ 1980ರ ದಶಕದ ಕೊನೆಯಲ್ಲಿ ಲೂಯಿಸ್ ಸ್ಪರ್ಲಿಂಗ್ ಎಂಬ ಸಂಶೋಧಕಿ ಹುರುಳಿಕಾಯಿ ಕಾಳಿನ ತಳಿಗಳನ್ನು ಆರಿಸಲು ರೈತ ಮಹಿಳೆಯರನ್ನೇ ಸಂಶೋಧನಾ ಕೇಂದ್ರಕ್ಕೆ ಕರೆಸಿದ್ದರಂತೆ. ಅವರು ಆರಿಸಿಕೊಂಡು ಹೋದವು ಅವರ ಹೊಲಗಳಲ್ಲಿ ವಿಜ್ಞಾನಿಗಳು ಆರಿಸಿದವುಗಳಿಗಿಂತ ಚೆನ್ನಾಗಿ ಬಂದವು ಎಂದು ಊಟದ ಹೊತ್ತಿಗೆ ಹಿರಿಯ ವಿಜ್ಞಾನಿಯವರು ಹೇಳಿದರು. ನಮ್ಮ ದೇಶದಲ್ಲೂ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶಗಳ ಗುಡ್ಡಗಾಡಿನ ರೈತರಿಗೆ ಹಲವು ಭತ್ತದ ತಳಿಗಳನ್ನು ಕೊಟ್ಟು ನೋಡಿದಾಗ, ಅಲ್ಲಿಗೆ ಶಿಫಾರಸೇ ಆಗಿರದ ಒಡಿಶಾದ ಕಳಿಂಗ-3 ಅವರಿಗೆ ಹಿಡಿಸಿತಂತೆ. ಬೇಗ ಬರುತ್ತದೆ, ಅಕ್ಕಿ ಸಣ್ಣಗಿದೆ ಎಂಬ ಕಾರಣಕ್ಕೆ. ಅದು ಬೀಳುವ ಜಾತಿ ಎಂಬ ದೂರೂ ಇತ್ತು. ಹಾಗಾಗಿ ಅದನ್ನೇ ಐಆರ್-64 ಎಂಬ ಭತ್ತದ ತಳಿಯ ಜೊತೆ ಸಂಕರ ಮಾಡಿ, ಮುಂದಿನ ತಲೆಮಾರುಗಳ ಆಯ್ಕೆಗೂ ರೈತರನ್ನು ಸೇರಿಸಿಕೊಂಡು, ರಾಂಚಿಯ ಬಿರ್ಸಾ ಕೃಷಿ ವಿಶ್ವವಿದ್ಯಾಲಯದ ಮೂಲಕ ಅಶೋಕಾ ಎಂಬ ತಳಿಗಳನ್ನು ತಂದರು. ಸಿದ್ಧ ತಳಿಗಳಲ್ಲಿ ಒಂದನ್ನು ರೈತರಿಂದ ಆರಿಸುವುದು ಒಂದು ಮೆಟ್ಟಿಲು, ಯಾವುದರ ಜೊತೆ ಯಾವುದನ್ನು ಕೂಡಿಸಬೇಕೆಂಬುದರಿಂದಲೇ ಅವರನ್ನು ಕೇಳಿಕೊಂಡು ಹೋಗುವುದು ಇನ್ನೊಂದು. ನಾವಿದ್ದದ್ದು ಮೊದಲನೆಯ ಮೆಟ್ಟಿಲಿನಲ್ಲಿ.

ನನ್ನ ತಾಕಿನ ರಾಗಿ ನವೆಂಬರ್ ಎರಡನೆಯ ವಾರಕ್ಕೆ ಕೊಯ್ಲಿಗೆ ಬಂತು. ಕೊಯ್ದು ಅರಿ ಹಾಕಿ, ಒಣಗಿಸಿ, ಎರಡೂ ತಾಕಿನದನ್ನು ಬೇರೆ ಬೇರೆಯಾಗಿ ಕಣದಲ್ಲಿ ಬಡಿದು, ತೂರಿ, ಹುಡುಗಿಯ ಮುಂದೆಯೇ ತೂಕಕ್ಕಿಟ್ಟೆವು. ರಾಗಿಯನ್ನು ಮೆದೆ ಒಟ್ಟಿ ಒಂದು ತಿಂಗಳಾದರೂ ಬಿಟ್ಟು ಆಮೇಲೆ ಒಕ್ಕಣೆ ಮಾಡುವುದು ನಮ್ಮ ರೂಢಿ. ಮೆದೆಯಲ್ಲಿ ಕಾವು ಕೂತ ಮೇಲೆ ಕಾಳು ಸಲೀಸಾಗಿ ಬಿಡುತ್ತದೆ. ಅವರ ವರದಿಗೆ ಅಷ್ಟು ದಿನ ಕಾಯುವ ಸಮಯವಿರಲಿಲ್ಲ. ಇಪ್ಪತ್ತೆಂಟು 1 ಕ್ವಿಂಟಾಲ್ 12 ಕಿಲೋ ತೂಗಿತು, ಐದನೆಯ ನಂಬರು 1 ಕ್ವಿಂಟಾಲ್ 42 ಕಿಲೋ. ಹುಡುಗಿಯ ಮುಖ ಅರಳಿತು. ಅಲ್ಲಿಯವರೆಗೆ ತೂಗಿದ ಮಗು ತಾಕುಗಳಲ್ಲಿ ಇದೇ ಅತಿ ಹೆಚ್ಚು ಎಂದು ಸಂತೋಷದಿಂದ ಹೇಳಿದರು.

ನನಗೆ ಅಂದು ಊಟ ಸೇರಲಿಲ್ಲ. ಸಂಜೆ ಅವರನ್ನು ಬಸ್ಸಿಗೆ ಬಿಡಲು ಹೋದಾಗ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕುಳಿತು ಕುರಿಗೊಬ್ಬರದ ವಿಷಯ ಹೇಳಿಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚೀಲದಿಂದ ನನ್ನ ಹಾಳೆಯನ್ನು ಹುಡುಕಿ ತೆಗೆದು, ಮೊಣಕಾಲಿನ ಮೇಲೆ ಇಟ್ಟುಕೊಂಡು, ಕೆಂಪು ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ನಾಲ್ಕು ತಿಂಗಳ ಬೆಳೆ ಒಂದು ಗೆರೆಯಲ್ಲಿ ಹೋಯಿತು. "ಅಣ್ಣಾ, ನೀವು ಹೇಳಿದ್ದು ಒಳ್ಳೆಯದಾಯಿತು. ಹೇಳದೆ ಇರುವವರು ಎಷ್ಟು ಜನ ಇದ್ದಾರೋ" ಎಂದರು. ಕೋಪವಿರಲಿಲ್ಲ, ದಣಿವಿತ್ತು. ಮರುದಿನದಿಂದ ಆಕೆ ಉಳಿದ ಹನ್ನೊಂದು ಮನೆಗಳಿಗೂ ಹೋಗಿ, ತೂಕ ಕೇಳುವ ಮೊದಲು ಯಾವ ತಾಕಿಗೆ ಏನೇನು ಹಾಕಿದಿರಿ ಎಂದು ವಿಚಾರಿಸಿದರು. ಇನ್ನೂ ಎರಡು ಹಾಳೆಗಳಿಗೆ ಕೆಂಪು ಗೆರೆ ಬಿತ್ತು. ಒಬ್ಬರು ನನ್ನಂತೆಯೇ ಸಾಹೇಬರ ಬೀಜಕ್ಕೆ ಯೂರಿಯಾ ಕೊಟ್ಟಿದ್ದರು. ಇನ್ನೊಬ್ಬರು ಅದಕ್ಕೆ ಹೊಲದ ಅತಿ ಕೆಟ್ಟ ಮೂಲೆಯನ್ನು ಕೊಟ್ಟಿದ್ದರು, ಹೇಗೂ ಪುಕ್ಕಟೆ ಬೀಜವೆಂದು.

ಅದಾದ ಮೂರು ನಾಲ್ಕು ದಿನಕ್ಕೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಜಡಿಮಳೆ ಹಿಡಿಯಿತು. ನನ್ನದು ಒಳಗೆ ಸೇರಿತ್ತು. ತಡವಾಗಿ ಬಿತ್ತಿದ್ದ ತಾಯಿ ತಾಕು ಹೊಲದಲ್ಲೇ ನೆನೆಯಿತು. ನಾಲ್ಕನೆಯ ದಿನ ಬಿಸಿಲು ಬಿದ್ದಾಗ ಹೋಗಿ ನೋಡಿದರೆ ಐದನೆಯ ನಂಬರಿನ ಮೂರೂ ತಾಕುಗಳಲ್ಲಿ ಮುಷ್ಟಿಯೊಳಗೆ ಬೂಷ್ಟು ಹಿಡಿದಿತ್ತು, ಕೆಲವು ತೆನೆಗಳಲ್ಲಿ ಕಾಳು ತೆನೆಯಲ್ಲೇ ಮೊಳೆತಿತ್ತು. ಏಳನೆಯ ನಂಬರಿನ ಬಿಚ್ಚು ತೆನೆ ಮಧ್ಯಾಹ್ನದ ಹೊತ್ತಿಗೆ ಗಾಳಿಗೆ ಒಣಗಿ ನಿಂತಿತ್ತು. ಚಿಕ್ಕಮ್ಮನಿಗೆ ಹೇಳಿದೆ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ರಾತ್ರಿಗೆ ಒಲೆ ಮೇಲೆ ಸೌದೆ ಒಣಗಿಸಿಡು" ಎಂದರು.

ಕೊನೆಯ ಪರೀಕ್ಷೆ ಮುದ್ದೆಯದು. ಮೊದಲ ಯೋಜನೆಯಲ್ಲಿ ಅದು ಇರಲಿಲ್ಲ. ಹೆಂಗಸರೇ ಕೇಳಿ ಸೇರಿಸಿದ್ದು. ಇಪ್ಪತ್ತೆಂಟು, ಐದು, ಏಳು ಈ ಮೂರೂ ತಳಿಗಳ ಹಿಟ್ಟನ್ನು ಗುರುತು ಹೇಳದೆ ಐದು ಮನೆಗಳಿಗೆ ಕೊಟ್ಟರು. ನಮ್ಮ ಮನೆಯಲ್ಲಿ ಹೆಂಡತಿ ಮೂರು ಪಾತ್ರೆಗಳಿಗೂ ಅದೇ ಲೋಟದಲ್ಲಿ ನೀರು ಅಳೆದು ಎಸರಿಟ್ಟು, ಅಷ್ಟಷ್ಟೇ ಹಿಟ್ಟು ಸುರಿದು, ಒಂದೇ ಕೋಲಿನಲ್ಲಿ ತೊಳಸಿದಳು. ಎರಡನೆಯ ಪಾತ್ರೆಯ ಹಿಟ್ಟು ಒದಗಲಿಲ್ಲ, ನೀರು ಮೇಲೇ ನಿಂತು ಇನ್ನೊಂದು ಹಿಡಿ ಕೇಳಿತು. ಮೂರನೆಯದು ಒದಗಿದ ಪರಿಗೆ ಒಂದು ಮುದ್ದೆ ಹೆಚ್ಚೇ ಬಂತು. ಬಿಸಿಯಲ್ಲಿ ಉಣ್ಣುವಾಗ ನನಗೆ ಮೂರೂ ಒಂದೇ ಅನ್ನಿಸಿತು. ಆದರೆ ಬೆಳಿಗ್ಗೆ ಕಟ್ಟಿದ ಮುದ್ದೆಯನ್ನು ಮಧ್ಯಾಹ್ನ ಹೊಲದಲ್ಲಿ ಬಿಚ್ಚಿದಾಗ ಬಿರಿದಿರಬಾರದು, ಗಂಟಲಲ್ಲಿ ಹಿಡಿಯಬಾರದು ಎಂಬುದು ಕೆಲಸದವರ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆದ್ದದ್ದೂ ಮೂರನೆಯ ಪಾತ್ರೆಯೇ. ಗುರುತು ಬಿಚ್ಚಿದಾಗ ಅದು ಏಳನೆಯ ನಂಬರು. ಎರಡನೆಯದು ಐದು.

ಎರಡನೆಯ ವರ್ಷ ಹೊಸ ಹಾಳೆ ಅಚ್ಚಾಗಿ ಬಂತು. ಅದರಲ್ಲಿ ಹುಲ್ಲಿನ ರುಚಿಗೆ, ಒಕ್ಕಣೆಯ ಸಲೀಸಿಗೆ, ಮುದ್ದೆಗೆ ಒಂದೊಂದು ಕಲಂ ಸೇರಿದ್ದವು, ಗೊಬ್ಬರದ ವಿವರಕ್ಕೆ ಅರ್ಧ ಪುಟವೇ ಇತ್ತು. ಅದು ನನ್ನಿಂದಾದ ಕೊಡುಗೆ ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಅವರೆಗೆ ಮಾತ್ರ ಆಗಲೂ ಜಾಗ ಸಿಗಲಿಲ್ಲ. ಏಳನೆಯ ನಂಬರಿನ ಬೀಜ ಹತ್ತು ಮನೆಗಳಿಗೆ ಹಂಚಿಕೆಯಾಯಿತು. ಇಳುವರಿಯಲ್ಲಿ ಅದು ಇಪ್ಪತ್ತೆಂಟಕ್ಕೆ ಸರಿಸಮ, ಕೆಲವು ಕಡೆ ಒಂದು ತೂಕ ಕಡಿಮೆಯೇ. ಮೂರನೆಯ ವರ್ಷ ಯೋಜನೆಯ ಅವಧಿ ಮುಗಿಯಿತು, ಹುಡುಗಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಹಾಳೆಗಳಿಂದ ಏನು ತಿಳಿಯಿತು, ಏಳನೆಯ ನಂಬರು ಮುಂದಿನ ಹಂತಕ್ಕೆ ಹೋಯಿತೇ ಎಂದು ಕೇಳಿ ಎರಡು ಸಲ ಪತ್ರ ಬರೆದೆವು. ಉತ್ತರ ಬರಲಿಲ್ಲ. ತಳಿ ಬಿಡುಗಡೆಗೆ ಹಲವು ಕೇಂದ್ರಗಳಲ್ಲಿ ಹಲವು ವರ್ಷಗಳ ಇಳುವರಿಯ ಲೆಕ್ಕ ಬೇಕು, ಸಮಿತಿಗಳು ಒಪ್ಪಬೇಕು, ಅಧಿಸೂಚನೆ ಹೊರಡಬೇಕು, ಇವೆಲ್ಲ ನನಗೆ ಅರ್ಥವಾಗುತ್ತದೆ. ಮೂರು ವರ್ಷ ಹಾಳೆ ತುಂಬಿಸಿಕೊಂಡವರು ನಾಲ್ಕು ಸಾಲಿನ ಕಾರ್ಡು ಬರೆಯದಿದ್ದದ್ದು ಅರ್ಥವಾಗುವುದಿಲ್ಲ.

ರಾಗಿಯಲ್ಲಿ ಹೊರಗಿನ ಪರಾಗ ಬಂದು ಸೇರುವುದು ನೂರಕ್ಕೆ ಒಂದರಷ್ಟೂ ಇಲ್ಲವಾದ್ದರಿಂದ, ಒಮ್ಮೆ ಕೈಗೆ ಬಂದ ಬೀಜವನ್ನು ಬೆರಕೆಯಾಗದಂತೆ ತೆನೆ ಆರಿಸಿ ಇಟ್ಟುಕೊಂಡರೆ ವರ್ಷ ವರ್ಷವೂ ಅದೇ ಬೆಳೆ ಬರುತ್ತದೆ. ನಮ್ಮ ಮನೆಯಲ್ಲಿ ತೆನೆ ಆರಿಸುವುದು ಹೆಂಡತಿಯ ಕೆಲಸ. ಕೊಯ್ಲಿಗೆ ಮುಂಚೆ ಒಂದು ಬೆಳಿಗ್ಗೆ ಹೊಲಕ್ಕೆ ಹೋಗಿ, ಬಿಚ್ಚು ತೆನೆಯದನ್ನೇ ನೋಡಿ ನೋಡಿ ಕೊಯ್ದು ಕಟ್ಟಿ ಅಟ್ಟದಲ್ಲಿ ತೂಗುಹಾಕುತ್ತಾಳೆ. ಹೋದ ಆಷಾಢದಲ್ಲಿ ಮಾಗಡಿ ಕಡೆಯಿಂದ ಅವಳ ತವರಿನ ನೆಂಟರೊಬ್ಬರು ಬಂದಿದ್ದರು. ನಮ್ಮ ಮುದ್ದೆ ಉಂಡು, ಹಿತ್ತಲಿನ ಹುಲ್ಲಿನ ಬಣವೆ ನೋಡಿ, ಬಿತ್ತನೆಗೆ ನಾಲ್ಕು ಸೇರು ಕೇಳಿದರು. ಒಂದಕ್ಕೆ ಒಂದೂವರೆ ವಾಪಸು ಕೊಡಬೇಕೆಂದು ಹೇಳಿ ಅವಳು ಸೇರಿನಲ್ಲಿ ಅಳೆದು ಅವರ ಚೀಲಕ್ಕೆ ಸುರಿದಳು. "ಯಾವ ರಾಗಿ ಅಂತ ಹೇಳ್ಲಮ್ಮ ಊರಲ್ಲಿ?" ಎಂದು ಅವರು ಕೇಳಿದರು.

"ಏಳನೆ ನಂಬರು ಅನ್ನಿ. ಒತ್ತಾಗಿ ಬಿಡಬೇಡಿ ಮಾವ, ಅಕ್ಕಡಿಗೆ ಜಾಗ ಇರಲಿ" ಎಂದು ಚೀಲದ ಬಾಯಿ ಕಟ್ಟಿ ಕೊಟ್ಟಳು.